ಮಾಷ್ಟ್ರ ನಾಲಿಗೆ

ನಮ್ಮ ವಿಜ್ಞಾನದ ಮಾಷ್ಟ್ರ ನಾಲಿಗೆ ಯಾವಾಗಲೂ ಕಡುಗೆಂಪು. ಬೋರ್ಡಿನ ಮೇಲೆ ಜೀವಕೋಶ ಬರೆದು, ತಿರುಗಿ, ಎಲೆಯಡಿಕೆಯ ಕವಳವನ್ನು ಬಲಗೆನ್ನೆಗೆ ದೂಡಿ "ಇದೆಂತ?" ಎಂದು ಗುಡುಗಿದರೆ, ಮುಂದಿನ ಬೆಂಚಿನ ನಾವು ಪುಸ್ತಕ ಅಡ್ಡ ಹಿಡಿಯುತ್ತಿದ್ದೆವು. ಹನಿ ಹಾರುತ್ತಿತ್ತು ಮಾರಾಯ್ರೆ!

1997ರಲ್ಲಿ ಬೈಂದೂರು ಕಡೆಯ ಹೈಸ್ಕೂಲಿನಲ್ಲಿ ಹತ್ತನೇ ಕ್ಲಾಸು ನಾನು. ಮಾಷ್ಟ್ರು ಹೊಡೆಯುತ್ತಿರಲಿಲ್ಲ, ಬೈಯುತ್ತಿದ್ದರು. ಅದಕ್ಕಿಂತ ಪೆಟ್ಟೇ ವಾಸಿ. ಹುಡುಗಿಯರಿಗೆಲ್ಲ ಅವರು 'ಹೆಣೆ' ಎನ್ನುತ್ತಿದ್ದರು. "ಹೆಣೆ, ಗೊತ್ತಿಲ್ದಿರೆ ಗೊತ್ತಿಲ್ಲ ಅಂದ್ ಹೇಳ್. ಸುಮ್ನೆ ತಲೆ ಆಡ್ಸ್‌ಬೇಡ!" ಹಾಗೆ ಬೈಸಿಕೊಂಡೇ ನಾನು ಆಸ್ಪತ್ರೆಯೊಂದರ ಪ್ರಯೋಗಾಲಯದವರೆಗೆ ಬಂದದ್ದು. ಬಾಯಿ, ಗಂಟಲಿನ ಕ್ಯಾನ್ಸರ್ ಬಗ್ಗೆ ಸಂಶೋಧನೆ ನನ್ನ ಕೆಲಸ.

ನಿವೃತ್ತಿಯಾದ ಮೇಲೆ ಅವರ ನಾಲಿಗೆಯ ಅಂಚಿನಲ್ಲಿ ಹುಣ್ಣಾಯಿತು. ಉರಿ ತಡೆಯದೆ ಅದರ ಮೇಲೇ ಹೊಗೆಸೊಪ್ಪಿನ ಚೂರು ಒತ್ತಿಟ್ಟುಕೊಳ್ಳುತ್ತಿದ್ದರಂತೆ. ಜೋಮು ಹಿಡಿದು ನೋವು ಗೊತ್ತಾಗುವುದಿಲ್ಲವಲ್ಲ! ವಿಜ್ಞಾನ ಕಲಿಸಿದವರ ಬುದ್ಧಿ ನೋಡಿ. ಬಾಯಿ ಎರಡು ಬೆರಳು ಹೋಗುವಷ್ಟೂ ತೆರೆಯದಾದಾಗ ನಮ್ಮ ಆಸ್ಪತ್ರೆಗೆ ಬಂದರು. ನಾಲಿಗೆಯ ಮುಕ್ಕಾಲು ಪಾಲು ತೆಗೆಯಬೇಕು, ಮಾತು ಹೋಗಬಹುದು ಎಂದರು ಡಾಕ್ಟರು. ತೆಗೆಯದಿದ್ದರೆ ಜೀವವೇ ಹೋಗುತ್ತದೆ.

ಮಾಷ್ಟ್ರು ಒಪ್ಪಿಗೆ ಕೊಡಲಿಲ್ಲ. ಕಿಟಕಿಯ ಸರಳು ಹಿಡಿದು ಬೈಂದೂರು ಬಸ್ಸುಗಳನ್ನು ನೋಡುತ್ತ ಕೂತರು. ನನಗೋ, ಅವರ ಎದುರು ನಿಲ್ಲಲೂ ಆಗದು, ತಪ್ಪಿಸಿಕೊಂಡು ಓಡಲೂ ಆಗದು.

"ನೀನ್ ಇದನ್ನೇ ಓದೂದ್ ಅಲ್ದಾ? ಒಳ್ಗೆ ಎಂತ ಆಯ್ತ್, ಹೇಳ್," ಎಂದರು ಒಂದು ಸಂಜೆ, ಹಲ್ಲು ಕಚ್ಚಿದಂತೆಯೇ.

ಹೇಳಿದೆ. ಜೀವಕೋಶಗಳಲ್ಲಿ ಗ್ರಾಹಕಗಳೆಂಬ ಕಾವಲುಗಾರರಿದ್ದಾರೆ. ರೋಗಾಣು ಬಂದರೆ, ಗಾಯವಾದರೆ ಬೊಬ್ಬೆ ಹಾಕುತ್ತಾರೆ. ಆಗ ದೇಹದ ರಕ್ಷಣಾಪಡೆ ಬರುತ್ತದೆ, ಉರಿಯೂತ ಏಳುತ್ತದೆ. ಆದರೆ ಅಡಿಕೆ, ಹೊಗೆಸೊಪ್ಪು ದಿನಾ ಗಾಯ ಮಾಡುತ್ತ ಬೊಬ್ಬೆ ವರ್ಷಗಟ್ಟಲೆ ನಿಲ್ಲದಿದ್ದರೆ, ಆ ಉರಿಯೂತವೇ ಗಡ್ಡೆಗೆ ಗೊಬ್ಬರ. ಗಡ್ಡೆಯ ಕೋಶಗಳಲ್ಲೂ ಅವೇ ಗ್ರಾಹಕಗಳಿವೆ, ಬೆಳೆಯಲು ಅವನ್ನೇ ಬಳಸಿಕೊಳ್ಳುತ್ತವೆ.

"ಹಂಗಾರೆ ಬೊಬ್ಬೆ ನಿಲ್ಸೂಕೆ ಮದ್ದ್ ಇಲ್ಯಾ?"

"ಪೂರಾ ನಿಲ್ಸಿರೆ ಬೇರೆ ರೋಗ ಬಂದ್ರೆ ಕಾಯೂದ್ ಯಾರ್, ಮಾಷ್ಟ್ರೇ? ಕೆಲವು ಸಲ ಅದೇ ಬೊಬ್ಬೆಯಿಂದ ಗಡ್ಡೆ ಸಾಯೂದೂ ಇತ್ತ್."

"ಎರಡೂ ಬದಿ ಬಾಗ್ಲ್ ಹಾಕಿತ್ ಅಂದ್ ಆಯ್ತ್. ಯಾವಾಗ ಕಾಯ್ತ್, ಯಾವಾಗ ಕೊಲ್ತ್?"

"ಗೊತ್ತಿಲ್ಲ."

"ಈಗ ಸಮಾ ಹೇಳ್ದೆ ಕಾಣ್." ಜೀವಮಾನದಲ್ಲಿ ಅವರು ನನ್ನನ್ನು ಹೊಗಳಿದ್ದು ಅದೊಂದೇ ಸಲ. ನನಗೆ ಅಳು ಬಂತು.

ಮತ್ತೆ ಕಿಟಕಿಯ ಕಡೆ ತಿರುಗಿ ಕೇಳಿದರು, "ತೆಗ್ದದ್ದನ್ನ ಎಂತ ಮಾಡ್ತ್ರಿ?"

"ಪರೀಕ್ಷೆಗೆ ಕಳಿಸ್ತ್ರ್. ನೀವ್ ಒಪ್ಪಿರೆ, ಉಳಿದ ಚೂರ್ ನಮ್ಮ ಸಂಶೋಧನೆಗೆ."

"ತಕೋ. ಅಷ್ಟ್ ಬೈದ್ ಕಲ್ಸಿದ ನಾಲ್ಗಿ, ಇನ್ನೂ ಸ್ವಲ್ಪ ಕಲ್ಸ್ಲಿ."

ಮಾರನೆಯ ಬೆಳಿಗ್ಗೆ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿದರು. ಆಪರೇಷನ್ನಿಗೆ ಕರೆದೊಯ್ಯುವಾಗ ಹೆಂಡತಿಯನ್ನು, ನಾವೆಲ್ಲ ಅಮ್ಮ ಎನ್ನುತ್ತಿದ್ದವರನ್ನು, ಹೆಸರು ಹಿಡಿದು ಕರೆದರು. "ಹ್ವಾಯ್, ಇಲ್ಲೇ ಇದ್ದೆ," ಎಂದರು ಅಮ್ಮ. ಮತ್ತೆ ಕರೆದರು. ಅಮ್ಮ ಪಕ್ಕದಲ್ಲೇ ನಡೆಯುತ್ತಿದ್ದರೂ, ಬಾಗಿಲಿನವರೆಗೂ ಕರೆಯುತ್ತಲೇ ಹೋದರು.

ಆಮೇಲೆ ಒಂದೆರಡು ವರ್ಷ ಬದುಕಿದರು. ಗಂಟಲಿನಿಂದ ಬರುವ ಸದ್ದು ಅಮ್ಮನಿಗೆ ಮಾತ್ರ ಅರ್ಥವಾಗುತ್ತಿತ್ತು. ಒಳಗೆ ಅಷ್ಟು ಬೈಗುಳ ತುಂಬಿಕೊಂಡ ಮನುಷ್ಯ ಅದನ್ನು ಹೊರಗೆ ಹಾಕಲಾಗದೆ ಚಡಪಡಿಸುವುದನ್ನು ನೋಡಲಾಗುತ್ತಿರಲಿಲ್ಲ. ಮನೆಯಲ್ಲೇ ತೀರಿಹೋದರು.

ನಮ್ಮಲ್ಲಿಗೆ ಬರುವ ಚೂರುಗಳಿಗೆ ಹೆಸರಿರುವುದಿಲ್ಲ, ಬರೀ ನಂಬರು. ಯಾರದ್ದೆಂದು ನಮಗೆ ಗೊತ್ತಾಗಬಾರದು, ಅದು ನಿಯಮ. ಹಾಗಾಗಿ ನಾಲಿಗೆಯ ಯಾವ ಚೂರು ಮೇಜಿಗೆ ಬಂದರೂ ಎರಡೂ ಕೈಯಲ್ಲಿ ಹಿಡಿದು ಇಳಿಸುತ್ತೇನೆ. ಮಾಷ್ಟ್ರದ್ದಿರಬಹುದು.