ಹೊರಗೆ ಹೋದವರು ಮತ್ತೆ ಬರುವಂತಿಲ್ಲ

ಮೂರು ವರ್ಷದ ಹಿಂದಿನ ಮಾತು. ಗುಬ್ಬಿ ತಾಲ್ಲೂಕಿನ ಪ್ರೌಢಶಾಲೆಯೊಂದರಲ್ಲಿ ನಾನು ದೈಹಿಕ ಶಿಕ್ಷಣ ಶಿಕ್ಷಕಿ. ನಿವೃತ್ತಿಗೆ ಒಂದೇ ವರ್ಷ ಉಳಿದಿತ್ತು. ತಾಲ್ಲೂಕು ಮಟ್ಟದ ಬಾಸ್ಕೆಟ್‌ಬಾಲ್ ಪಂದ್ಯಗಳಿಗೆ ರೆಫರಿಯೂ ಆಗುತ್ತಿದ್ದೆ.

ಈ ಆಟದಲ್ಲಿ ಒಂದು ತಂಡದ ಐವರು ಅಂಕಣದಲ್ಲಿರುತ್ತಾರೆ, ಉಳಿದವರು ಬೆಂಚಿನಲ್ಲಿ. ಯಾರನ್ನು ಎಷ್ಟು ಸಲ ಬೇಕಾದರೂ ಬದಲಾಯಿಸಬಹುದು. ಆದರೆ ಗುಬ್ಬಿಯಲ್ಲಿ ನಾವು ಬೇರೆ ನಿಯಮ ಮಾಡಿಕೊಂಡಿದ್ದೆವು: ಒಮ್ಮೆ ಹೊರಗೆ ಹೋದವರು ಆ ಪಂದ್ಯಕ್ಕೆ ಮತ್ತೆ ಬರುವಂತಿಲ್ಲ. ಯಾರು ಒಳಗೆ, ಯಾರು ಹೊರಗೆ ಎಂದು ಲೆಕ್ಕ ಬರೆಯುವವರು ಸಾಲದೆ ಗೊಂದಲವಾಗುತ್ತಿತ್ತು. ಆ ಸಲಹೆ ಕೊಟ್ಟವಳು ನಾನೇ.

ಆ ವರ್ಷ ನಮ್ಮ ಹುಡುಗಿಯರು ಜಿಲ್ಲಾ ಮಟ್ಟಕ್ಕೆ ಹೋದರು. ತುಮಕೂರಿನಲ್ಲಿ ಕುಣಿಗಲ್ ತಂಡದ ಮೇಲೆ ಪಂದ್ಯ; ನಮ್ಮ ತಂಡಕ್ಕೆ ಕೋಚ್ ನಾನೇ. ನಮ್ಮ ಕ್ಯಾಪ್ಟನ್ ಸವಿತಾ, ಚೇಳೂರಿನ ಟೈಲರ್ ರಂಗಣ್ಣನವರ ಮಗಳು. ಮೂರನೇ ಕ್ವಾರ್ಟರಿನಲ್ಲಿ ಚೆಂಡಿಗೆ ಹಾರಿದವಳಿಗೆ ಎದುರಾಳಿಯ ಮೊಣಕೈ ತಾಗಿತು. ಸಿಮೆಂಟ್ ನೆಲಕ್ಕೆ ತಲೆ ಬಡಿದ ಸದ್ದು ಬೆಂಚಿನವರೆಗೂ ಕೇಳಿಸಿತು. ಓಡಿದೆ.

“ತಲೆ ಸುತ್ತುತ್ತೇನೇ?”

“ಏನಿಲ್ಲ ಮಿಸ್. ಆಡ್ತೀನಿ.”

ನಂಬಿದೆ. ಎರಡು ನಿಮಿಷದೊಳಗೆ ಅವಳು ಚೆಂಡು ಹಿಡಿದು ನಮ್ಮದೇ ಬುಟ್ಟಿಯ ಕಡೆ ಓಡಿದಳು. ನೋಡುತ್ತಿದ್ದವರೆಲ್ಲ ನಕ್ಕರು. ಕೂಡಲೇ ಹೊರಗೆ ಕರೆಸಿದೆ. ಬೆಂಚಿಗೆ ಬಂದವಳು ವಾಂತಿ ಮಾಡಿಕೊಂಡು, “ಮ್ಯಾಚ್ ಶುರು ಆಯ್ತಾ ಮಿಸ್?” ಎಂದಳು.

ಆಸ್ಪತ್ರೆಗೆ ಆಟೋದಲ್ಲಿ ಹೋಗುವಾಗ ಅವಳ ತಲೆ ನನ್ನ ಮಡಿಲಲ್ಲಿತ್ತು. ನಿದ್ದೆ ಹೋಗದಂತೆ ಹೆಸರು ಕೂಗುತ್ತಲೇ ಇದ್ದೆ. ಬರುಬರುತ್ತಾ ಉತ್ತರ ಚಿಕ್ಕದಾಯಿತು. ಕೊನೆಗೆ ಬರೀ ಹೂಂ. ಸ್ಕ್ಯಾನ್ ನೋಡಿದ ಡಾಕ್ಟರ್, “ಒಳಗೆ ಸ್ವಲ್ಪ ರಕ್ತ ಸೋರಿದೆ. ನಾಳೆಯವರೆಗೆ ನೋಡೋಣ. ಜಾಸ್ತಿ ಆದ್ರೆ ಆಪರೇಷನ್” ಎಂದರು.

ಸಂಜೆ ರಂಗಣ್ಣ ಬಸ್ಸಿನಲ್ಲಿ ಬಂದರು. ಕೂಗಾಡಲಿಲ್ಲ. “ಬಿದ್ ತಕ್ಷಣ ಯಾಕ್ ಮೇಡಂ ಆಚೆ ಕರ್ಕಳ್ಳಿಲ್ಲ?” ಎಂದಷ್ಟೇ ಕೇಳಿದರು. ವಾರ್ಡಿನ ಬಾಗಿಲು ತೆರೆದಾಗಲೆಲ್ಲ ಇಬ್ಬರೂ ಎದ್ದು ನಿಲ್ಲುತ್ತಿದ್ದೆವು.

ಮರುದಿನದ ಸ್ಕ್ಯಾನಿನಲ್ಲಿ ರಕ್ತ ಹೆಚ್ಚಿರಲಿಲ್ಲ. ಮಧ್ಯಾಹ್ನ ಸವಿತಾ ಸರಿಯಾಗಿ ಮಾತಾಡಿದಳು.

“ಬಿದ್ದಾಗ್ಲೇ ಕಣ್ಣು ಕತ್ಲೆ ಬಂತು ಮಿಸ್. ಆಚೆ ಬಂದ್ರೆ ಮತ್ತೆ ಆಡ್ಸಲ್ವಲ್ಲ, ಅದ್ಕೆ ಹೇಳ್ಲಿಲ್ಲ.”

ಜಿಲ್ಲೆಯಲ್ಲಿ ಆ ನಿಯಮ ಇಲ್ಲವೆಂದು ಅವಳಿಗೆ ಯಾರು ಹೇಳಬೇಕಿತ್ತು? ನಾನು. ಮರೆತಿದ್ದೆ. ಹೊರಗೆ ಬಂದು ಎಲ್ಲವನ್ನೂ ಹೇಳಿದೆ. “ರಂಗಣ್ಣ, ಆ ರೂಲ್ಸ್ ಮಾಡ್ಸಿದ್ದು ನಾನೇ.”

ಅವರು ವಾರ್ಡಿನ ಬಾಗಿಲ ಕಡೆ ನೋಡಿದರು. “ಹಂಗಾದ್ರೆ ನೀವೇ ತೆಗ್ಸಿ ಮೇಡಂ. ನಾಳೆ ಇನ್ನೊಬ್ರ ಮಗು ಆಡ್ತದೆ.”

ಮುಂದಿನ ತಿಂಗಳ ಶಿಕ್ಷಕರ ಸಭೆಯಲ್ಲಿ ಅದನ್ನೇ ಕೇಳಿದೆ. “ತಾಲ್ಲೂಕ್ ಮ್ಯಾಚಿಗೆಲ್ಲ ಅಷ್ಟು ಯಾಕೆ?” ಎಂದರು ಹಿರಿಯರೊಬ್ಬರು. ನಡೆದದ್ದನ್ನು ನಡೆದಂತೆ ಹೇಳಿದೆ; ನಿಯಮ ತೆಗೆಯಲು ಎಲ್ಲರೂ ಒಪ್ಪಿದರು. ಈಗ ನಮ್ಮಲ್ಲಿ ಶಾಲೆಯಿಂದ ಜಿಲ್ಲೆಯವರೆಗೆ ಒಂದೇ ನಿಯಮ: ಹೊರಗೆ ಹೋದವರು ಮತ್ತೆ ಬರಬಹುದು. ತಲೆಗೆ ಪೆಟ್ಟಾದವರನ್ನು ಕೇಳದೆಯೇ ಹೊರಗೆ ಕರೆಯುತ್ತಾರೆ. ಸವಿತಾ ಆರು ತಿಂಗಳ ಮೇಲೆ ಮತ್ತೆ ಅಂಕಣಕ್ಕಿಳಿದಳು.

ನಿಯಮ ಬರೆಯುವವರು ತಮ್ಮ ಅನುಕೂಲ ನೋಡಿಕೊಳ್ಳುವುದು ಸಹಜ. ಆ ನಿಯಮಕ್ಕೆ ಹೆದರಿ ಒಂದು ಮಗು ಏನನ್ನು ಮುಚ್ಚಿಡಬಹುದು ಎಂದೂ ಯೋಚಿಸಬೇಕೆಂದು ನಾನು ಕಲಿತದ್ದು ನೌಕರಿಯ ಕೊನೆಯ ವರ್ಷದಲ್ಲಿ.