ಸದ್ದು ಮಾತ್ರ ಬರುವ ವಿಡಿಯೋ

ನಿನ್ನೆ ಪಾಂಡವಪುರದ ನಮ್ಮ ಶಾಲೆಯಲ್ಲಿ ಮಕ್ಕಳಿಗೆ ತೋರಿಸಲೆಂದು ನದಿಗಳ ಪಾಠದ ವಿಡಿಯೋ ಹಾಕಿದೆ. ಚಿತ್ರ ಬರಲಿಲ್ಲ. ಕಪ್ಪು ಪರದೆಯೊಳಗಿಂದ ನೀರಿನ ಸದ್ದು ಮಾತ್ರ ಬಂತು. ಲಿನಕ್ಸ್ ಎಂಬ ಉಚಿತ ತಂತ್ರಾಂಶದ ಮೇಲೆ ನಡೆಯುವ ಕಂಪ್ಯೂಟರುಗಳಲ್ಲಿ ಇದು ಮಾಮೂಲು, ನೀವೂ ಕಂಡಿರಬಹುದು. ನಾನು ಮಾತ್ರ ಮೇಜಿನ ಅಂಚು ಹಿಡಿದು ನಿಂತುಬಿಟ್ಟೆ.

ಶ್ರೀರಂಗಪಟ್ಟಣದಲ್ಲಿ ನಮ್ಮ ಚಿಕ್ಕಪ್ಪ ಹೊಳೆಯ ದಡದಲ್ಲಿ ಅಸ್ಥಿ ಬಿಡಿಸುವ ಪುರೋಹಿತರು. ರಜಾದಿನಗಳಲ್ಲಿ ನಾನು ಅವರ ಜೊತೆ ಹೋಗಿ, ಬಂದವರಿಗಾಗಿ ಫೋನಿನಲ್ಲಿ ವಿಡಿಯೋ ತೆಗೆಯುತ್ತಿದ್ದೆ. ಬಿ.ಎಸ್ಸಿ. ಓದಿದವನಿಗೆ ಮಂತ್ರ ಬರದಿದ್ದರೂ ಫ್ರೇಮು ಬರುತ್ತದೆ ಎಂಬ ಹೆಮ್ಮೆ.

ಹೋದ ವರ್ಷ ಬಿಂಡಿಗನವಿಲೆಯ ನಂಜೇಗೌಡರು ತಂದೆಯ ಅಸ್ಥಿ ತಂದಿದ್ದರು. ಮೇಲಿನ ಅಣೆಕಟ್ಟೆಯಿಂದ ನೀರು ಬಿಟ್ಟು ಹೊಳೆ ತುಂಬಿತ್ತು. ಅಸ್ಥಿ ಬಿಟ್ಟವರು ಹಿಂದಿರುಗಿ ನೋಡದೆ ಮೆಟ್ಟಿಲು ಹತ್ತಬೇಕು. ಚಿಕ್ಕಪ್ಪ ಮುಂದೆ, ಹಿಂದೆ ಗೌಡರ ಮನೆಯವರು, ಎಲ್ಲರಿಗಿಂತ ಕೊನೆಗೆ ಅವರ ಅಕ್ಕ ಸಾಕಮ್ಮ. ಮೆಟ್ಟಿಲುಗಳ ಮೇಲ್ತುದಿಯಲ್ಲಿ ನಿಂತು ಹೊಳೆಯ ಕಡೆ ಮುಖ ಮಾಡಿದ್ದವನು ನಾನೊಬ್ಬನೇ, ಅದೂ ಫೋನಿನ ಹಿಂದೆ. ಪಾಚಿಯ ಮೇಲೆ ಸಾಕಮ್ಮನವರ ಕಾಲು ಜಾರಿತು. ಸೀರೆ ನೀರಿನ ಮೇಲೆ ಉಬ್ಬಿತು, ಒಂದು ಕೈ ಎದ್ದಿತು. ಅದು ಪರದೆಯಲ್ಲಿ ನಡೆಯುತ್ತಿತ್ತು. ನನ್ನೆದುರಿಗೇ ನಡೆಯುತ್ತಿದೆ ಎಂದು ಹೊಳೆಯಲು ಹನ್ನೊಂದು ಸೆಕೆಂಡು ಹಿಡಿಯಿತು. ಅಷ್ಟರಲ್ಲಿ ಹರಿಗೋಲಿನವನೊಬ್ಬ ಹಾರಿ ಅವರ ತುರುಬು ಹಿಡಿದಿದ್ದ. ಅವರು ಬದುಕಿದರು.

ಅವತ್ತೇ ಆ ವಿಡಿಯೋವನ್ನು ಮನೆಯ ಕಂಪ್ಯೂಟರಿಗೆ ಸಾಗಿಸಿ ಫೋನಿನಿಂದ ಅಳಿಸಿದೆ. ಅಲ್ಲಿ ಅದು ಓಡಲಿಲ್ಲ: ಸದ್ದಿತ್ತು, ಚಿತ್ರವಿರಲಿಲ್ಲ. ನನ್ನ ಫೋನು ವಿಡಿಯೋವನ್ನು ಹೊಸ ಬಗೆಯಲ್ಲಿ ಹಿಂಡಿ ಇಡುತ್ತದೆ. ಅದನ್ನು ಬಿಡಿಸುವ ಕೋಡೆಕ್ ಎಂಬ ಸಣ್ಣ ತಂತ್ರಾಂಶ ನನ್ನ ಲಿನಕ್ಸಿನಲ್ಲಿ ಇರಲಿಲ್ಲ. ಒಂದು ಸಾಲು ಟೈಪು ಮಾಡಿ ಪಾಸ್‌ವರ್ಡ್ ಕೊಟ್ಟರೆ ಮುಗಿಯುವ ಕೆಲಸ. ನಾನೇ ಮಕ್ಕಳಿಗೆ ಹೇಳಿಕೊಡುವ ಪಾಠ. ಆದರೂ ಗೌಡರು ವಿಡಿಯೋ ಕೇಳಿ ಫೋನು ಮಾಡಿದಾಗಲೆಲ್ಲ, "ಓಡ್ತಿಲ್ಲ ಗೌಡ್ರೇ, ಕೋಡೆಕ್ ತೊಂದರೆ" ಎಂದು ಒಂದು ವರ್ಷ ದೂಡಿದೆ. ಆ ಪದ ಅವರಿಗೆ ಅರ್ಥವಾಗದು ಎಂಬುದೇ ನನ್ನ ಧೈರ್ಯ.

ಕಳೆದ ವಾರ ಅವರು ತಂದೆಯ ವರ್ಷದ ಕಾರ್ಯ ಗೊತ್ತುಮಾಡಲು ಚಿಕ್ಕಪ್ಪನನ್ನು ಹುಡುಕಿ ನಮ್ಮ ಮನೆಗೆ ಬಂದವರು ನೇರ ನನ್ನ ಕೋಣೆಗೇ ಬಂದು ಕೂತರು.

"ಏನ್ ಮೇಷ್ಟ್ರೇ, ಇಷ್ಟ್ ಓದ್ಬುಟ್ಟು ಒಂದ್ ವಿಡಿಯೋ ಓಡ್ಸಕಾಗಕಿಲ್ವಾ? ನಮ್ಮೂರಲ್ಲಾಗಿದ್ರೆ ಸುಟ್ಟೋದ್ ಪಂಪ್‌ಸೆಟ್ಟೂ ಇಷ್ಟೊತ್ತಿಗೆ ನೀರ್ ಎತ್ತಿರದು."

ನಾನು ನಕ್ಕೆ. ಅವರು ನಗಲಿಲ್ಲ.

"ಒಂದ್ ವರ್ಸದಿಂದ ನಮ್ಮಕ್ಕ ನನ್ನ ಮನೇಲಿ ನೀರ್ ಮುಟ್ಟಿಲ್ಲ. ನಾನ್ ಮುಳುಗ್ತಿದ್ರೆ ನೀನ್ ಮೆಟ್ಲು ಹತ್ಕಂಡ್ ಹೊಂಟೋದ್ಯಲ್ಲೋ ಅಂತಾಳೆ. ಸದ್ದು ಕೇಳ್ಸಿತ್ತೋ ಇಲ್ವೋ, ತಿರುಗಿದ್ನೋ ಇಲ್ವೋ, ನಂಗೇ ಗ್ಯಾನ ಇಲ್ಲ ಸ್ವಾಮಿ. ಅದ್ರಲ್ಲಿದ್ರೆ ನೋಡಾನ ಅಂತ."

"ಚಿತ್ರ ಬರಲ್ಲ ಗೌಡ್ರೇ."

"ಸದ್ದು ಬತ್ತದಾ?"

ಇಲ್ಲ ಎನ್ನಬಹುದಿತ್ತು. ಕಂಪ್ಯೂಟರಿನಲ್ಲಿ ವಿಡಿಯೋ ಹುಡುಕಿ ಒತ್ತಿದೆ.

ಕಪ್ಪು ಪರದೆ. ಚಿಕ್ಕಪ್ಪನ ಮಂತ್ರ, ಒದ್ದೆ ಪಾದಗಳ ಸದ್ದು, ದುಡುಂ. ಕೂಡಲೇ ಗೌಡರ ದನಿ: "ಏನದು ಸದ್ದು? ಅಕ್ಕಾ?" ಅದರ ಹಿಂದೆಯೇ ನನ್ನದು, ಮೆಲ್ಲಗೆ, ಸ್ಪಷ್ಟವಾಗಿ: "ತಿರುಗ್ಬೇಡಿ, ನೋಡ್ಬಾರದು. ಹಾಗೇ ಹತ್ತಿ, ಚೆನ್ನಾಗಿ ಬರ್ತಿದೆ."

ಆಮೇಲೆ ಬರೀ ನೀರು. ಕೊನೆಗೆ ಹರಿಗೋಲಿನವನ ಕೂಗು: "ಲೇ, ಯಾರೋ ಬಿದ್ದವ್ರೆ ಕಣ್ಲಾ!"

ಚಿತ್ರ ಬರುವ ಹಾಗೆ ಮಾಡಿಕೊಡುತ್ತೇನೆ ಎಂದೆ, ಅವರ ಮುಖ ನೋಡದೆ.

"ಚಿತ್ರ ಬ್ಯಾಡ ಬುಡಿ," ಎಂದವರು ಸಿಂಧಘಟ್ಟದಲ್ಲಿದ್ದ ಅಕ್ಕನಿಗೆ ಫೋನು ಹಚ್ಚಿದರು. "ಅಕ್ಕಾ, ನಾನು ಕೂಗಿದ್ದೆ ಕಣಕ್ಕಾ. ಇದ್ರಲ್ಲಿ ಕೇಳ್ತದೆ."

ಆ ಕಡೆಯಿಂದ ಅಕ್ಕ ಅಂದದ್ದು ನನಗೂ ಕೇಳಿಸಿತು: "ಕೂಗ್ದೋನು ಯಾಕ್ಲಾ ತಿರುಗ್ನಿಲ್ಲ?"

ಗೌಡರು ನನ್ನತ್ತ ನೋಡಿದರು. ನನ್ನ ಹೆಸರು ಹೇಳಲಿಲ್ಲ. ಬೈದಿದ್ದರೆ ಹಗುರಾಗುತ್ತಿದ್ದೆ. ನಾನೇ ಕೈಚಾಚಿ ಫೋನು ಈಸಿಕೊಂಡೆ. "ನಾನು ತಡೆದೆ ಅಮ್ಮಾ. ವಿಡಿಯೋ ತೆಗೀತಿದ್ದವನು. ನೀವು ಬಿದ್ದದ್ದನ್ನ ನೋಡಿದ್ದೂ ನಾನೇ."



"ನೀವಾ," ಎಂದರು ಸಾಕಮ್ಮ. "ನೀರೊಳಗಿಂದ ನಿಮ್ಮನ್ನೇ ನೋಡ್ತಿದ್ದೆ ಸ್ವಾಮಿ. ಫೋನ್ ಅಡ್ಡ ಇತ್ತು, ಮಖ ಕಾಣ್ನಿಲ್ಲ. ಒಂದ್ಸಲ ಬಂದು ಆ ಮಖ ತೋರ್ಸೋಗಿ."

ಇವತ್ತು ಶಾಲೆಗೆ ರಜೆ ಹಾಕಿದ್ದೇನೆ. ಸಾಕಮ್ಮನವರ ಊರಿಗೆಂದು ಕೆ.ಆರ್. ಪೇಟೆಯ ಬಸ್ಸಿನಲ್ಲಿ ಕೂತು ಇದನ್ನು ಬರೆಯುತ್ತಿದ್ದೇನೆ. ಅವರೆದುರು ಎಷ್ಟು ಹೊತ್ತು ತಲೆಯೆತ್ತಿ ನಿಲ್ಲಬಲ್ಲೆನೋ ತಿಳಿಯದು.