ಬಾಟಲಿ ದಿಂಬು

ಆ ಬೀದಿಯಲ್ಲಿ ಟೈಲರಮ್ಮನ ಕೈಗೆ ಎದುರಿರಲಿಲ್ಲ. ಒಮ್ಮೆ ಎದುರುಮನೆಯವಳ ಗಂಡನಿಗೆ ಹೊಲಿದುಕೊಟ್ಟ ಪ್ಯಾಂಟು ಎಷ್ಟು ಗಟ್ಟಿಯಾಗಿತ್ತೆಂದರೆ, ಅವನು ಸೊರಗಿದನೇ ಹೊರತು ಪ್ಯಾಂಟು ಹರಿಯಲಿಲ್ಲ. ಅದಿರಲಿ, ಹೇಳಹೊರಟದ್ದು ದಿಂಬಿನ ಕಥೆ.

ಮಗಳು ಗುಬ್ಬಿ ಕೈಗೂಸಾಗಿದ್ದಾಗ ಟೈಲರಮ್ಮನ ಕಾಲು ಮೆಷಿನ್ನಿನ ಮೇಲೆ, ಕಿವಿ ತೊಟ್ಟಿಲ ಮೇಲೆ. ಒಂದು ತೋಳು ಹೊಲಿದು ಮುಗಿಯುವುದರೊಳಗೆ ಕೂಸು ಎರಡು ಸಲ ರಚ್ಚೆ ಹಿಡಿಯುತ್ತಿತ್ತು. ಆಗ ಹೊಳೆಯಿತು ಉಪಾಯ. ಉಳಿದ ಬಟ್ಟೆಚೂರುಗಳಲ್ಲಿ ಪುಟ್ಟ ದಿಂಬು, ಅದಕ್ಕೊಂದು ಪಟ್ಟಿ, ಪಟ್ಟಿಯೊಳಗೆ ಸಕ್ಕರೆ ಹಾಲಿನ ಬಾಟಲಿ. ಕೂಸು ಚೀಪುತ್ತಾ ಚೀಪುತ್ತಾ ನಿದ್ದೆಹೋಗುತ್ತಿತ್ತು.

"ನಿನ್ನ ತಲೆಗೆ ಚಿನ್ನದ ಕಿರೀಟ ಇಡ್ಬೇಕು ಕಣೇ!" ಎಂದಳು ಎದುರುಮನೆಯವಳು. ಅಲ್ಲಿಂದ ಮುಂದೆ ಬೀದಿಯಲ್ಲಿ ಯಾರಿಗೆ ಮಗುವಾದರೂ ಟೈಲರಮ್ಮನ ಉಡುಗೊರೆ ಬಾಟಲಿ ದಿಂಬೇ.

ಗುಬ್ಬಿಗೆ ಮೂರು ತುಂಬುವಷ್ಟರಲ್ಲಿ ಮುಂದಿನ ಹಲ್ಲುಗಳು ಹುಳುಕಾದವು. ದವಡೆಹಲ್ಲೊಂದರಲ್ಲಿ ತೂತು. ಹಲ್ಲಿನ ಡಾಕ್ಟರಮ್ಮ ಬಾಯಿ ನೋಡಿ ಕೇಳಿದರು, "ಬಾಟಲಿ ಬಾಯಲ್ಲಿಟ್ಕೊಂಡೇ ಮಲಗ್ತಾಳಾ?"

"ಹೂಂ ಡಾಕ್ಟ್ರೇ, ಅದಕ್ಕೇ ಅಂತ ನಾನೇ ಒಂದು ದಿಂಬು..." ಎಂದು ಹೆಮ್ಮೆಯಿಂದ ಶುರುಮಾಡಿದವಳು ಅವರ ಮುಖ ನೋಡಿ ನಿಲ್ಲಿಸಿದಳು.

"ನಿದ್ದೇಲಿ ಜೊಲ್ಲು ಕಡಿಮೆ ಅಮ್ಮ. ಸಿಹಿ ಹಾಲು ಹಲ್ಲಿಗೆ ಅಂಟ್ಕೊಂಡೇ ಇರತ್ತೆ. ಕ್ರಿಮಿಗಳಿಗೆ ರಾತ್ರಿಯಿಡೀ ಊಟ."

"ಹಾಲುಹಲ್ಲು ತಾನೆ, ಬಿದ್ದುಹೋಗಲ್ವಾ?"

"ಬೀಳೋಕೆ ಇನ್ನೂ ವರ್ಷಗಟ್ಟಲೆ ಇದೆ. ಅಲ್ಲೀತನಕ ನೋವು ತಿನ್ಕೊಂಡಿರ್ಬೇಕಾ ಮಗು?"

ಚಿಕಿತ್ಸೆಯ ಬೆಳಕು ಕಣ್ಣಿಗೆ ತಾಗದಂತೆ ಎಲ್ಲರೂ ಬಣ್ಣದ ಕನ್ನಡಕ ಹಾಕಿಕೊಂಡರು. ಗರಗರ ಕೊರೆಯುವ ಯಂತ್ರವಿಲ್ಲ. ಲೇಸರ್ ಬೆಳಕು ಟಿಕ್ ಟಿಕ್ ಎನ್ನುತ್ತಾ ದವಡೆಹಲ್ಲಿನ ಹುಳುಕನ್ನು ತೆಗೆಯಿತು; ತೂತನ್ನು ತುಂಬಿದರು. ಮುಂದಿನ ಹಲ್ಲುಗಳಿಗೆ ಬೆಳ್ಳಿ ಬೆರೆತ ಔಷಧಿ ಬಳಿದರು. "ಕ್ರಿಮಿ ಸಾಯತ್ತೆ, ಹುಳುಕು ನಿಲ್ಲತ್ತೆ. ಆದ್ರೆ ಆ ಜಾಗ ಕಪ್ಪಾಗತ್ತೆ, ಹಲ್ಲು ಬೀಳೋವರೆಗೂ."

ಮರುದಿನ ಕನ್ನಡಿಯೆದುರು ಗುಬ್ಬಿ ಕೂಗಿದಳು, "ಅಮ್ಮಾ, ನನ್ ಹಲ್ಲಿಗೆ ಕಪ್ಪು ಗುಂಡಿ ಹೊಲ್ದಿದಾರೆ!" ಮಗು ನಕ್ಕಾಗಲೆಲ್ಲ ಟೈಲರಮ್ಮನಿಗೆ ಉಗುರಿನಡಿ ಸೂಜಿ ಚುಚ್ಚಿದಂತಾಗುತ್ತಿತ್ತು. ಅದನ್ನಾದರೂ ಸಹಿಸಿಕೊಳ್ಳಬಹುದು. ಬೀದಿಯ ಉಳಿದ ತೊಟ್ಟಿಲುಗಳು? ಅವರಿಗೆಲ್ಲ ಹೇಳಬೇಕು ಎಂದಳು ಮನೆಯಲ್ಲಿ.

"ಊರವರ ಹಲ್ಲಿಗೆಲ್ಲ ನೀನು ಜವಾಬ್ದಾರಳೇನೆ? ಬಾಯಿ ಮುಚ್ಕೊಂಡಿರು, ಮರ್ಯಾದೆ ಉಳಿಯತ್ತೆ" ಎಂದರು ಅತ್ತೆ.

ಬಟ್ಟೆಗೆ ಕತ್ತರಿ ಹಾಕಿದರೆ ಗೆರೆ ತಪ್ಪಿತು. ಎಂದೂ ತಪ್ಪದ ಕೈ ಅದು. ಕತ್ತರಿ ಇಟ್ಟು, ಗುಬ್ಬಿಯನ್ನು ಕರೆದುಕೊಂಡು ಎದುರುಮನೆಗೆ ಹೋದಳು. ಅಲ್ಲಿ ಎರಡನೆಯ ಕೂಸು ಅವಳೇ ಕೊಟ್ಟ ಹೂಬಟ್ಟೆಯ ಬಾಟಲಿ ದಿಂಬಿನ ಪಕ್ಕ ಮಲಗಿತ್ತು, ತುಟಿಯಂಚಿನಲ್ಲಿ ಹಾಲು. ಟೈಲರಮ್ಮ ಒಂದೇ ಉಸಿರಿಗೆ ಎಲ್ಲ ಹೇಳಿದಳು.

ಎದುರುಮನೆಯವಳು ಬಗ್ಗಿ ಕೂಸಿನ ತುಟಿಯ ಹಾಲು ಒರೆಸಿದಳು. ಅವಳ ದೊಡ್ಡವನು ಗುಬ್ಬಿಯ ಓರಗೆಯವನು, ಅವನೂ ಬಾಟಲಿ ದಿಂಬಿನೊಂದಿಗೇ ಮಲಗಿ ಬೆಳೆದವನು; ಹುಳುಕು ಹಲ್ಲು ಕೀಳಿಸಿ ತಿಂಗಳಾಗಿತ್ತು.

"ಕದ್ದು ಚಾಕ್ಲೇಟ್ ತಿಂತೀಯ ಅಂತ ಅವನಿಗೆ ಹೊಡ್ದಿದ್ದೆ ಕಣೇ" ಎಂದಳು. "ಇಲ್ಲಮ್ಮಾ ಇಲ್ಲಮ್ಮಾ ಅಂತ ಅಳ್ತಿದ್ದ."

ಎದುರುಮನೆಯವಳು ಬಾಟಲಿ ಎಳೆದು, ದಿಂಬನ್ನು ಟೈಲರಮ್ಮನ ಎದೆಗೆ ಒತ್ತಿ, ಹೊರಗೆ ಕಳಿಸಿ ಬಾಗಿಲು ಹಾಕಿಕೊಂಡಳು. ಒಳಗಿನಿಂದ ದೊಡ್ಡವನನ್ನು ಕರೆಯುವ ದನಿ ಕೇಳಿಸಿತು, ಎಂದಿನ ಗದರಿಕೆ ಅದರಲ್ಲಿರಲಿಲ್ಲ.

"ಮನೆಗೆ ಹೋಗೋಣ್ವಾ ಅಮ್ಮಾ?" ಗುಬ್ಬಿ ಕಪ್ಪು ಹಲ್ಲು ಬಿಟ್ಟು ನಕ್ಕಳು.

"ಇನ್ನೂ ಇಲ್ಲ ಕಂದ" ಎಂದ ಟೈಲರಮ್ಮ, ದಿಂಬನ್ನು ಕಂಕುಳಲ್ಲಿಟ್ಟುಕೊಂಡು ಪಕ್ಕದ ಮನೆಯ ಬಾಗಿಲು ತಟ್ಟಿದಳು.